ಉಬ್ಬಸ, ಹೊಗೆ ಮತ್ತು ಉಸಿರಿನ ಮದ್ದು: ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳ ಹಿನ್ನೆಲೆಯಲ್ಲಿ ಒಂದು ಚಾರಿತ್ರಿಕ ವಿವೇಚನೆ

ಕನ್ನಡದಲ್ಲಿ ಜನಪದ ವೈದ್ಯವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಗಿಡಮೂಲಿಕೆಗಳ ಹೆಸರು, ಮದ್ದು ಮಾಡುವ ವಿಧಾನ, ಪಥ್ಯ ಹಾಗೂ ವೈದ್ಯ ಮನೆತನಗಳ ಪರಂಪರೆಯನ್ನು ಸಂಗ್ರಹಿಸುವ ಕಡೆಗೆ ಗಮನಹರಿಸಿವೆ. ಈ ಸಂಗ್ರಹಕಾರ್ಯದ ಮಹತ್ವ ನಿರ್ವಿವಾದವಾದುದು. ಆದರೆ ಹೊರಗಿನಿಂದ ಬಂದ ಒಂದು ಹೊಸ ಔಷಧವನ್ನು ಜನಸಮುದಾಯ ತನ್ನ ಹಳೆಯ ರೋಗಕಲ್ಪನೆಯ ಮೂಲಕ ಹೇಗೆ ಅರ್ಥಮಾಡಿಕೊಂಡಿತು, ಯಾವುದನ್ನು ಸ್ವೀಕರಿಸಿತು, ಯಾವುದನ್ನು ಅನುಮಾನದಿಂದ ದೂರವಿಟ್ಟಿತು ಎಂಬ ಪ್ರಶ್ನೆಯೂ ಜನಪದ ವೈದ್ಯದ ಚರಿತ್ರೆಗೆ ಸೇರಿದುದೇ ಆಗಿದೆ. ಅಸ್ತಮಾ ರೋಗಕ್ಕೆ ಉಸಿರಿನೊಂದಿಗೆ ಎಳೆದುಕೊಳ್ಳುವ ಕಾರ್ಟಿಕೊಸ್ಟೀರಾಯ್ಡ್ ಔಷಧಗಳು ಈ ಪ್ರಶ್ನೆಯನ್ನು ಪರಿಶೀಲಿಸಲು ಉತ್ತಮ ನಿದರ್ಶನವಾಗಿವೆ. ಇವು ಬಳಕೆಗೆ ಬಂದು ಅರ್ಧ ಶತಮಾನ ಕಳೆದಿದೆ. ಇವುಗಳ ಪರಿಣಾಮ ಮತ್ತು ಸುರಕ್ಷತೆಯನ್ನು ಕುರಿತು ವಿಪುಲವಾದ ಸಂಶೋಧನೆ ನಡೆದಿದೆ. ಆದರೂ ಹಳ್ಳಿಗಾಡಿನಲ್ಲಿ ಇವುಗಳ ಬಗೆಗಿನ ಅಳುಕು ಉಳಿದೇ ಇದೆ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಸೀಮೆಯನ್ನು ಹಿನ್ನೆಲೆಯಾಗಿಟ್ಟುಕೊಂಡು ಈ ಅಳುಕಿನ ಬೇರುಗಳನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಸೀಮೆ ಮತ್ತು ಅದರ ಹೊಗೆ

ಈ ನಾಲ್ಕು ತಾಲ್ಲೂಕುಗಳು ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಒಂದಕ್ಕೊಂದು ಹೊಂದಿಕೊಂಡಿವೆ. ಈಚಿನ ವರ್ಷಗಳಲ್ಲಿ ಸರಗೂರು ಮತ್ತು ಸಾಲಿಗ್ರಾಮಗಳು ಪ್ರತ್ಯೇಕ ತಾಲ್ಲೂಕುಗಳಾಗಿದ್ದರೂ ಜನಜೀವನದ ದೃಷ್ಟಿಯಿಂದ ಇದನ್ನು ಒಂದೇ ಸೀಮೆಯೆಂದು ಪರಿಗಣಿಸಬಹುದು. ಹಿಂದೆ ಎಡತೊರೆ ಎಂದು ಹೆಸರಾಗಿದ್ದ ಕೃಷ್ಣರಾಜನಗರ ಕಾವೇರಿಯ ನಾಲೆಗಳ ಬತ್ತದ ನಾಡು. ಹುಣಸೂರು ಲಕ್ಷ್ಮಣತೀರ್ಥ ನದಿಯ ದಡದಲ್ಲಿದೆ. ಪಿರಿಯಾಪಟ್ಟಣ ಕೊಡಗಿನ ಗಡಿಗೆ ತಾಗಿದ್ದರೆ, ಹೆಗ್ಗಡದೇವನಕೋಟೆ ಕಪಿಲಾ ನದಿ ಹಾಗೂ ನಾಗರಹೊಳೆ, ಬಂಡೀಪುರ ಕಾಡುಗಳ ಸೆರಗಿನಲ್ಲಿದೆ. ಒಕ್ಕಲಿಗ, ಕುರುಬ, ಲಿಂಗಾಯತ, ನಾಯಕ ಹಾಗೂ ದಲಿತ ಸಮುದಾಯಗಳೊಂದಿಗೆ ಜೇನುಕುರುಬ, ಬೆಟ್ಟಕುರುಬ, ಯರವ ಮುಂತಾದ ಕಾಡಿನ ಸಮುದಾಯಗಳೂ ಇಲ್ಲಿ ನೆಲೆಸಿವೆ. 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಯಲ್ಲಿ ನೆಲೆನಿಂತ ಟಿಬೆಟನ್ನರು ತಮ್ಮದೇ ಆದ ವೈದ್ಯ ಪದ್ಧತಿಯನ್ನು ಜೊತೆಗೆ ತಂದರು. ಹೀಗೆ ಹಲವು ವೈದ್ಯ ಪರಂಪರೆಗಳು ಅಕ್ಕಪಕ್ಕದಲ್ಲಿ ಬದುಕಿರುವ ನೆಲ ಇದು.

ಈ ಸೀಮೆಗೆ ವಿಶಿಷ್ಟವಾದ ಮತ್ತೊಂದು ಲಕ್ಷಣವೆಂದರೆ ಹೊಗೆಸೊಪ್ಪು. ಸಿಗರೇಟಿಗೆ ಬಳಸುವ ವರ್ಜೀನಿಯಾ ತಂಬಾಕಿನ ಬೇಸಾಯದಲ್ಲಿ ಕರ್ನಾಟಕಕ್ಕೆ ಈ ತಾಲ್ಲೂಕುಗಳೇ ಕೇಂದ್ರ. 1976ರಲ್ಲಿ ಅಸ್ತಿತ್ವಕ್ಕೆ ಬಂದ ತಂಬಾಕು ಮಂಡಳಿಯು ಈ ಬೆಳೆಯನ್ನು ನಿಯಂತ್ರಿಸುತ್ತದೆ. ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರವೂ ಇದೆ. ಬೇಸಗೆ ಮಳೆಗೆ ನಾಟಿಯಾದ ಸೊಪ್ಪನ್ನು ಮಳೆಗಾಲದಲ್ಲಿ ಮುರಿದು, ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಎಂದು ಕರೆಯುವ ಎತ್ತರದ ಮನೆಗಳಲ್ಲಿ ಹದಗೊಳಿಸುತ್ತಾರೆ. ಒಂದು ಬ್ಯಾರನ್ ಸೊಪ್ಪು ಹದಕ್ಕೆ ಬರಲು ಸುಮಾರು ಒಂದು ವಾರ ಹಗಲಿರುಳೂ ಸೌದೆ ಉರಿಯಬೇಕು. ಬೆಂಕಿ ಆರದಂತೆ ನೋಡಿಕೊಳ್ಳಲು ಮನೆಯವರು ಸರದಿಯ ಮೇಲೆ ರಾತ್ರಿ ಎದ್ದಿರುತ್ತಾರೆ. ಅನಂತರ ಒಣಸೊಪ್ಪನ್ನು ಬಣ್ಣ ಮತ್ತು ಗುಣಕ್ಕನುಸಾರವಾಗಿ ಬೇರ್ಪಡಿಸುವ ಗ್ರೇಡಿಂಗ್ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ. ಈ ಕೆಲಸದ ದೂಳನ್ನು ಹೆಚ್ಚಾಗಿ ಉಸಿರಾಡುವವರು ಹೆಣ್ಣುಮಕ್ಕಳು. ಇದರೊಂದಿಗೆ ಅಡುಗೆಮನೆಯ ಸೌದೆ ಒಲೆ, ಕಣದಲ್ಲಿ ಬತ್ತ ಬಡಿಯುವಾಗ ಏಳುವ ದೂಳು, ಮಳೆಗಾಲದ ಥಂಡಿ ಹಾಗೂ ಬೂಷ್ಟು ಸೇರಿದರೆ ಎದೆಯ ರೋಗಗಳಿಗೆ ಬೇಕಾದ ಎಲ್ಲ ಪರಿಸರವೂ ಸಿದ್ಧವಾಗುತ್ತದೆ.

ಒಲೆಯ ಹೊಗೆಗೂ ಎದೆಯ ರೋಗಕ್ಕೂ ಇರುವ ಸಂಬಂಧವನ್ನು ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಸಂಶೋಧಕರು ಜಿಲ್ಲೆಯ ಗ್ರಾಮೀಣ ಮಹಿಳೆಯರಲ್ಲಿ ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ್ದಾರೆ. ದಿನಕ್ಕೆ ಒಲೆಯ ಮುಂದೆ ಕಳೆಯುವ ಗಂಟೆಗಳನ್ನು ಅಡುಗೆ ಮಾಡಿದ ವರ್ಷಗಳಿಂದ ಗುಣಿಸಿದಾಗ ಬರುವ ಸಂಖ್ಯೆ 60ನ್ನು ಮುಟ್ಟಿದ ಮೇಲೆ ದೀರ್ಘಕಾಲದ ಕೆಮ್ಮುಕಫದ ರೋಗದ ಅಪಾಯ ಎದ್ದುಕಾಣುತ್ತದೆ ಎಂಬುದು ಅವರ ತೀರ್ಮಾನ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಒಲೆ ಊದಿದ ಹೆಣ್ಣುಮಗಳು ಈ ಗಡಿಯನ್ನು ತಲುಪಿರುತ್ತಾಳೆ. ಮೈಸೂರನ್ನೂ ಒಳಗೊಂಡು ದೇಶದ 12 ಕೇಂದ್ರಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ವಯಸ್ಕರಲ್ಲಿ ಶೇ. 2.05ರಷ್ಟು ಮಂದಿಗೆ ಅಸ್ತಮಾ ಇರುವುದನ್ನು ದಾಖಲಿಸಿತು.

2. ರೋಗದ ಹೆಸರು ಮತ್ತು ರೋಗದ ಕಲ್ಪನೆ

ಉಬ್ಬಸ, ಗೂರಲು, ದಮ್ಮು, ಏದುಸಿರು ಎಂಬ ಪದಗಳು ಈ ರೋಗಕ್ಕೆ ಕನ್ನಡದಲ್ಲಿ ಬಳಕೆಯಲ್ಲಿವೆ. ಈ ಪದಗಳನ್ನು ಸೂಕ್ಷ್ಮವಾಗಿ ಗಮನಿಸಿದರೆ ಇವೆಲ್ಲವೂ ರೋಗದ ಒಂದು ಕ್ಷಣವನ್ನು ಹೆಸರಿಸುತ್ತವೆ ಎಂಬುದು ಸ್ಪಷ್ಟವಾಗುತ್ತದೆ. ಎದೆಯೊಳಗಿನ ಗೊರಗೊರ ಸದ್ದು, ಉಸಿರಿಗಾಗಿ ನಡೆಯುವ ಒದ್ದಾಟ, ಮಲಗಲಾರದೆ ಎದ್ದು ಕೂರುವ ರಾತ್ರಿ ಇವುಗಳ ಅನುಭವ ಆ ಪದಗಳಲ್ಲಿದೆ. ಜನರ ಮಾತಿನಲ್ಲಿ ಉಬ್ಬಸ ‘ಬರುತ್ತದೆ’, ‘ಏಳುತ್ತದೆ’, ‘ಇಳಿಯುತ್ತದೆ’. ಬಂದುದು ಇಳಿದ ಮೇಲೆ ರೋಗವೂ ಹೋಯಿತೆಂಬುದೇ ಸಹಜವಾದ ಗ್ರಹಿಕೆ. ಶಾಸ್ತ್ರಗ್ರಂಥಗಳಲ್ಲಿ ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರ ಎಂದು ಶ್ವಾಸರೋಗದ ಐದು ಭೇದಗಳನ್ನು ಹೇಳಿದ್ದು, ಇಂದಿನ ಅಸ್ತಮಾಕ್ಕೆ ತಮಕಶ್ವಾಸವನ್ನು ಹೋಲಿಸುವುದು ವಾಡಿಕೆ. ಅಲ್ಲಿ ಪಥ್ಯ ಮತ್ತು ದೀರ್ಘ ಚಿಕಿತ್ಸೆಯ ವಿಧಿಗಳಿದ್ದರೂ ಜನಬಳಕೆಯಲ್ಲಿ ಮೇಲುಗೈ ಪಡೆದದ್ದು ‘ಬಂದಾಗ ಮದ್ದು’ ಎಂಬ ಕ್ರಮವೇ.

ಮದ್ದುಗಳಲ್ಲಿ ಆಡುಸೋಗೆ, ಹಿಪ್ಪಲಿ, ಶುಂಠಿ, ಮೆಣಸು, ತುಳಸಿ, ದೊಡ್ಡಪತ್ರೆ, ಜೇನುತುಪ್ಪಗಳು ಪ್ರಧಾನವಾದವು. ಕಾಡಂಚಿನ ಸಮುದಾಯಗಳಿಗೆ ಜೇನು ಆಹಾರವೂ ಹೌದು, ಮದ್ದಿನ ಅನುಪಾನವೂ ಹೌದು. ಇಂಥ ತಿಳಿವಳಿಕೆಯನ್ನು ಬರಿಯ ನಂಬಿಕೆಯೆಂದು ತಳ್ಳಿಹಾಕುವುದು ಸರಿಯಲ್ಲ. ಆಡುಸೋಗೆಯಲ್ಲಿರುವ ವಾಸಿಸಿನ್ ಎಂಬ ಸತ್ವದ ಅಧ್ಯಯನದಿಂದಲೇ ಕಫವನ್ನು ತೆಳುಗೊಳಿಸುವ ಬ್ರೋಮ್‌ಹೆಕ್ಸಿನ್ ಎಂಬ ಆಧುನಿಕ ಔಷಧ ರೂಪುಗೊಂಡಿತು. ಆಡುಮುಟ್ಟದ ಬಳ್ಳಿಯ ಎಲೆಯನ್ನು ಅಗಿಯುವುದರಿಂದ ಉಬ್ಬಸಕ್ಕೆ ಉಪಶಮನ ದೊರೆಯುವುದೇ ಎಂಬುದನ್ನು ದೆಹಲಿಯ ವೈದ್ಯ ಡಿ.ಎನ್. ಶಿವಪುರಿ ಮತ್ತು ಸಂಗಡಿಗರು 1960ರ ದಶಕದ ಕೊನೆಯಲ್ಲಿ ಕ್ರಮಬದ್ಧವಾಗಿ ಪರೀಕ್ಷಿಸಿದ್ದರು. ಇದರ ಜೊತೆಗೆ ಎಳೆಯ ಮಕ್ಕಳಿಗೆ ಬರೆ ಹಾಕುವಂಥ ಹಾನಿಕರ ಪದ್ಧತಿಗಳೂ ಇದ್ದುವೆಂಬುದನ್ನು ಮರೆಯಲಾಗದು. ಮೃಗಶಿರ ಮಳೆ ಹೂಡುವ ದಿನ ಹೈದರಾಬಾದಿನಲ್ಲಿ ಕೊಡುವ ಮೀನಿನ ಮದ್ದಿಗೆ ಕರ್ನಾಟಕದಿಂದಲೂ ಜನ ಹೋಗುತ್ತಾರೆ. ವರ್ಷಕ್ಕೆ ಒಮ್ಮೆ, ಒಂದು ನಿಶ್ಚಿತ ಮಳೆನಕ್ಷತ್ರದಲ್ಲಿ ತೆಗೆದುಕೊಳ್ಳುವ ಮದ್ದು ಎಂಬ ಕಲ್ಪನೆ ಜನಪದ ಕಾಲಗಣನೆಗೆ ಹೊಂದುವಂಥದು. ಪ್ರತಿದಿನ, ರೋಗ ಕಾಣದ ದಿನವೂ, ತೆಗೆದುಕೊಳ್ಳುವ ಮದ್ದು ಎಂಬುದು ಈ ಕಾಲಗಣನೆಗೆ ಹೊರಗಿನದು. ಮುಂದಿನ ವಿವೇಚನೆಗೆ ಈ ವ್ಯತ್ಯಾಸವೇ ಮುಖ್ಯವಾದುದು.

3. ಹೊಗೆಯೇ ಮದ್ದಾದ ಬಗೆ

ಮದ್ದನ್ನು ಉಸಿರಿನ ಮೂಲಕ ತೆಗೆದುಕೊಳ್ಳುವುದು ಪಾಶ್ಚಾತ್ಯ ವೈದ್ಯದ ಕೊಡುಗೆ ಎಂಬ ಭಾವನೆ ವ್ಯಾಪಕವಾಗಿದೆ. ಚರಿತ್ರೆ ಇದನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ. ಚರಕಸಂಹಿತೆಯಲ್ಲಿ ಔಷಧ ದ್ರವ್ಯಗಳ ಬತ್ತಿಯಿಂದ ಹೊಗೆ ಎಳೆಯುವ ‘ಧೂಮಪಾನ’ ಒಂದು ಚಿಕಿತ್ಸಾವಿಧಿಯಾಗಿ ನಿರೂಪಿತವಾಗಿದೆ. ನಮ್ಮ ಹಳ್ಳಿಗಳ ಬೇಲಿಸಾಲಿನಲ್ಲಿ ಬೆಳೆಯುವ ದತ್ತೂರಿ ಅಥವಾ ಉಮ್ಮತ್ತಿ ಗಿಡದ ಹೊಗೆಯನ್ನು ಉಬ್ಬಸಕ್ಕೆ ಬಳಸುವ ಪದ್ಧತಿ ದಕ್ಷಿಣ ಭಾರತದಲ್ಲಿ ಪ್ರಚಲಿತವಾಗಿತ್ತು. 1802ರ ಸುಮಾರಿಗೆ ಮದರಾಸಿನಲ್ಲಿ ಕಂಪನಿ ಸರಕಾರದ ವೈದ್ಯಾಧಿಕಾರಿಯಾಗಿದ್ದ ಜೇಮ್ಸ್ ಆಂಡರ್ಸನ್ ಈ ಪದ್ಧತಿಯನ್ನು ಜನರಲ್ ಜೆಂಟ್ ಎಂಬ ಸೇನಾಧಿಕಾರಿಗೆ ತಿಳಿಸಿದರು. ಅವರ ಮೂಲಕ ಅದು ಬ್ರಿಟನ್ನಿನ ವೈದ್ಯರಿಗೆ ತಲುಪಿತು. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಯೂರೋಪು ಮತ್ತು ಅಮೆರಿಕಗಳಲ್ಲಿ ದತ್ತೂರಿ ಜಾತಿಯ ಎಲೆ ತುಂಬಿದ ‘ಅಸ್ತಮಾ ಸಿಗರೇಟು’ಗಳು ಮಾರಾಟವಾದುವು.

ದತ್ತೂರಿಯಲ್ಲಿರುವ ಅಟ್ರೋಪಿನ್ ವರ್ಗದ ಸತ್ವಗಳು ಬಿಗಿದ ಶ್ವಾಸನಾಳವನ್ನು ಸಡಿಲಗೊಳಿಸುತ್ತವೆ. ಪ್ರಮಾಣ ಮೀರಿದರೆ ಅದೇ ಸತ್ವ ಭ್ರಮೆ ಹಿಡಿಸಿ ಪ್ರಾಣಕ್ಕೆ ಎರವಾಗುತ್ತದೆ. ಹದಿನಾಲ್ಕನೆಯ ಶತಮಾನದ ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷವೈದ್ಯವನ್ನೇ ವಸ್ತುವಾಗಿಸಿಕೊಂಡ ಕನ್ನಡ ಪರಂಪರೆಗೆ ವಿಷ ಮತ್ತು ಮದ್ದುಗಳ ಈ ಸಾಮೀಪ್ಯ ಅಪರಿಚಿತವಾದುದಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಅಟ್ರೋಪಿನ್ ರಚನೆಯನ್ನು ಮಾರ್ಪಡಿಸಿ ತಯಾರಿಸಿದ ಇಪ್ರಟ್ರೋಪಿಯಂ ಇಂದಿಗೂ ಆಸ್ಪತ್ರೆಗಳ ನೆಬ್ಯುಲೈಸರ್‌ಗಳಲ್ಲಿ ಬಳಕೆಯಾಗುತ್ತಿದೆ. ಆದ್ದರಿಂದ ಉಸಿರಿನ ಮದ್ದು ಎಂಬ ಕಲ್ಪನೆಯಲ್ಲಿ ಈ ನಾಡಿಗೆ ಪರಕೀಯವಾದುದು ಏನೂ ಇಲ್ಲ. ಬೇಲಿಯ ಗಿಡವೊಂದು ಕಡಲು ದಾಟಿ, ರೂಪ ಬದಲಿಸಿಕೊಂಡು ಮರಳಿ ಬಂದಿದೆ. ಆದರೆ ದತ್ತೂರಿಯ ಹೊಗೆಯಾಗಲಿ ಅದರ ಆಧುನಿಕ ರೂಪವಾಗಲಿ ಬಂದ ಉಬ್ಬಸವನ್ನು ಇಳಿಸಬಲ್ಲವೇ ಹೊರತು ಅದು ಬರುವ ಕಾರಣವನ್ನು ಮುಟ್ಟಲಾರವು.

4. ಸ್ಟೀರಾಯ್ಡ್ ಉಸಿರಿಗೆ ಬಂದ ಚರಿತ್ರೆ

ಅಸ್ತಮಾದ ಮೂಲದಲ್ಲಿರುವುದು ಶ್ವಾಸನಾಳಗಳ ಒಳಪದರದ ಉರಿಯೂತ. ಉಬ್ಬಸವಿಲ್ಲದ ದಿನಗಳಲ್ಲಿಯೂ ಇದು ಕಡಿಮೆ ಪ್ರಮಾಣದಲ್ಲಿ ಮುಂದುವರಿದಿರುತ್ತದೆ. ದೂಳು, ಹೊಗೆ, ಥಂಡಿ, ನೆಗಡಿಗಳು ತಾಗಿದೊಡನೆ ಆ ನಾಳಗಳು ಬಿಗಿಯುತ್ತವೆ. ಈ ಉರಿಯೂತವನ್ನು ತಗ್ಗಿಸುವ ಶಕ್ತಿ ಮೂತ್ರಜನಕಾಂಗದ ಮೇಲಿನ ಗ್ರಂಥಿಯಲ್ಲಿ ಉತ್ಪತ್ತಿಯಾಗುವ ಹಾರ್ಮೋನುಗಳಿಗೆ ಇದೆ. ಈ ಹಾರ್ಮೋನುಗಳ ಸಂಶೋಧನೆಗಾಗಿ ಕೆಂಡಾಲ್, ರೈಕ್‌ಸ್ಟೈನ್ ಮತ್ತು ಹೆಂಚ್ ಅವರಿಗೆ 1950ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಆ ದಶಕದಲ್ಲಿಯೇ ಕಾರ್ಟಿಸೋನ್ ಮಾತ್ರೆಗಳನ್ನು ಅಸ್ತಮಾಕ್ಕೆ ಬಳಸಲಾಯಿತು. ಪರಿಣಾಮ ಅಚ್ಚರಿಯದಾಗಿತ್ತು. ಆದರೆ ತಿಂಗಳುಗಟ್ಟಲೆ ನುಂಗಿದವರಲ್ಲಿ ಮುಖ ಊದಿಕೊಳ್ಳುವುದು, ಮೂಳೆ ಸವೆಯುವುದು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕಣ್ಣಿನ ಪೊರೆ, ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾಗುವುದು ಮುಂತಾದ ತೊಂದರೆಗಳು ಕಾಣಿಸಿಕೊಂಡುವು. ‘ಸ್ಟೀರಾಯ್ಡ್’ ಎಂಬ ಪದಕ್ಕೆ ಅಂಟಿಕೊಂಡ ಭಯ ಹುಟ್ಟಿದ್ದು ಈ ಅನುಭವದಿಂದ. ಅದು ನಿರಾಧಾರವಾದ ಭಯವಲ್ಲ.

ಇನ್ನೊಂದೆಡೆ 1956ರಲ್ಲಿ ಅಮೆರಿಕದ ರೈಕರ್ ಪ್ರಯೋಗಾಲಯವು ಅಳತೆಯ ಪ್ರಮಾಣದಲ್ಲಿ ಔಷಧವನ್ನು ಚಿಮ್ಮಿಸುವ ಕೈಯಳವಿನ ಇನ್‌ಹೇಲರನ್ನು ಬಳಕೆಗೆ ತಂದಿತು. 1972ರಲ್ಲಿ ಇಂಗ್ಲೆಂಡಿನ ಡರ್ಬಿ ನಗರದ ವೈದ್ಯ ಹ್ಯಾರಿ ಮಾರೋ ಬ್ರೌನ್ ಮತ್ತು ಸಂಗಡಿಗರು ಬೆಕ್ಲೊಮೆಥಸೋನ್ ಎಂಬ ಸ್ಟೀರಾಯ್ಡನ್ನು ಈ ಸಾಧನದ ಮೂಲಕ ಕೊಟ್ಟ ಫಲಿತಾಂಶವನ್ನು ಪ್ರಕಟಿಸಿದರು. ಮಾತ್ರೆಯನ್ನೇ ನೆಚ್ಚಿದ್ದ ಅನೇಕ ರೋಗಿಗಳು ಮಾತ್ರೆ ಬಿಟ್ಟು ಇನ್‌ಹೇಲರಿಗೆ ಹೊರಳಲು ಸಾಧ್ಯವಾಯಿತು. ಮುಂದೆ ಬುಡೆಸೊನೈಡ್, ಫ್ಲುಟಿಕಸೋನ್ ಮುಂತಾದುವು ಬಂದುವು. ಭಾರತದಲ್ಲಿ ದ್ರವರೂಪದ ಚಿಮ್ಮುವ ಇನ್‌ಹೇಲರಿನ ಜೊತೆಗೆ, ಕ್ಯಾಪ್ಸೂಲಿನ ಪುಡಿಯನ್ನು ಎಳೆದುಕೊಳ್ಳುವ ಸರಳ ಸಾಧನವೂ ಬಳಕೆಗೆ ಬಂದು ಚಿಕಿತ್ಸೆಯ ವೆಚ್ಚ ತಗ್ಗಿತು. ಬುಡೆಸೊನೈಡ್ ಇಂದು ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ.

5. ಪರಿಣಾಮ ಮತ್ತು ಸುರಕ್ಷತೆ

ಈ ಔಷಧಗಳ ಪರಿಣಾಮವನ್ನು ಕುರಿತ ಆಧಾರಗಳಲ್ಲಿ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ರೋಗಿಗಳ ದಾಖಲೆಗಳನ್ನು ಆಧರಿಸಿ 2000ದಲ್ಲಿ ಪ್ರಕಟವಾದ ಅಧ್ಯಯನ ಪ್ರಮುಖವಾದುದು. ವರ್ಷದಲ್ಲಿ ಬಳಸಿದ ಪ್ರತಿಯೊಂದು ಹೆಚ್ಚುವರಿ ಸ್ಟೀರಾಯ್ಡ್ ಇನ್‌ಹೇಲರಿಗೆ ಅಸ್ತಮಾದಿಂದ ಸಾಯುವ ಪ್ರಮಾಣ ಶೇ. 21ರಷ್ಟು ತಗ್ಗಿದುದನ್ನು ಅದು ತೋರಿಸಿತು. ಇದಕ್ಕೆ ಪ್ರತಿಯಾಗಿ ಉಬ್ಬಸವನ್ನು ತಕ್ಷಣ ಇಳಿಸುವ ಇನ್‌ಹೇಲರನ್ನು ಮಾತ್ರ ನೆಚ್ಚುವುದು ಅಪಾಯಕರವೆಂಬುದು ಕ್ರಮೇಣ ಸ್ಪಷ್ಟವಾಯಿತು. ಅಸ್ತಮಾ ಚಿಕಿತ್ಸೆಯ ಜಾಗತಿಕ ಮಾರ್ಗದರ್ಶಿಯಾದ ‘ಗೀನಾ’ 2019ರಲ್ಲಿ, ವಯಸ್ಕರಿಗೆ ಮತ್ತು ಹದಿಹರೆಯದವರಿಗೆ ಸ್ಟೀರಾಯ್ಡ್ ಇಲ್ಲದೆ ಇಂಥ ಶಮನಕಾರಿಯನ್ನು ಮಾತ್ರ ಕೊಡುವ ಕ್ರಮವನ್ನು ಕೈಬಿಡುವಂತೆ ಸೂಚಿಸಿತು. ಲಘುವಾದ ಅಸ್ತಮಾ ಇರುವವರೂ ಸ್ಟೀರಾಯ್ಡ್ ಮತ್ತು ಫಾರ್ಮೊಟೆರಾಲ್ ಕೂಡಿದ ಇನ್‌ಹೇಲರನ್ನು ಬೇಕೆನಿಸಿದಾಗ ಬಳಸುವ ಕ್ರಮ ಆಗ ಮುನ್ನೆಲೆಗೆ ಬಂದಿತು. ‘ಬಂದಾಗ ಮದ್ದು’ ಎಂಬ ಜನರೂಢಿಗೆ ಆಧುನಿಕ ವೈದ್ಯವು ತಾನೇ ಒಂದು ಹೆಜ್ಜೆ ಸಮೀಪಿಸಿ, ಆ ಮದ್ದಿನೊಳಗೇ ಮೂಲವನ್ನು ಮುಟ್ಟುವ ಔಷಧವನ್ನು ಸೇರಿಸಿದೆ ಎಂದು ಇದನ್ನು ಅರ್ಥೈಸಬಹುದು.

ಸುರಕ್ಷತೆಯ ವಿಷಯದಲ್ಲಿ ತಾಯ್ತಂದೆಯರ ಪ್ರಮುಖ ಅಳುಕು ಮಕ್ಕಳ ಬೆಳವಣಿಗೆಯನ್ನು ಕುರಿತದ್ದು. ಅಮೆರಿಕ ಮತ್ತು ಕೆನಡಾಗಳಲ್ಲಿ 5ರಿಂದ 12 ವರ್ಷದ 1,041 ಮಕ್ಕಳನ್ನು ನಾಲ್ಕರಿಂದ ಆರು ವರ್ಷ ಅನುಸರಿಸಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಆ ಮಕ್ಕಳು ವಯಸ್ಕರಾದ ಮೇಲೆ ಅಳೆದು 2012ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಬುಡೆಸೊನೈಡ್ ಪಡೆದವರ ಎತ್ತರ ಪಡೆಯದವರಿಗಿಂತ ಸರಾಸರಿ 1.2 ಸೆಂಟಿಮೀಟರ್ ಕಡಿಮೆಯಿತ್ತು. ಇದು ಅಲ್ಲಗಳೆಯಲಾಗದ ಸತ್ಯ. ಆದರೆ ಹತೋಟಿಯಿಲ್ಲದ ಉಬ್ಬಸವೂ ಮಗುವಿನ ನಿದ್ದೆ, ಆಟ, ಶಾಲೆ ಹಾಗೂ ಬೆಳವಣಿಗೆಯನ್ನು ಕಸಿಯುತ್ತದೆ ಎಂಬುದನ್ನು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಟ್ಟು ನೋಡಬೇಕು. ಸಾಮಾನ್ಯವಾಗಿ ಕಾಣುವ ತೊಂದರೆಗಳೆಂದರೆ ಬಾಯಿ ಗಂಟಲಿನ ಬಿಳಿ ಬೂಷ್ಟು ಮತ್ತು ದನಿ ಒಡೆಯುವುದು. ಔಷಧ ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳುವುದರಿಂದಲೂ ಚಿಮ್ಮುವ ಇನ್‌ಹೇಲರಿಗೆ ಸ್ಪೇಸರ್ ಎಂಬ ಕೊಳವೆ ಜೋಡಿಸುವುದರಿಂದಲೂ ಇವು ಬಹುಮಟ್ಟಿಗೆ ತಗ್ಗುತ್ತವೆ. ಹೆಚ್ಚು ಪ್ರಮಾಣವನ್ನು ದೀರ್ಘಕಾಲ ಬಳಸಿದರೆ ಮೂಳೆ, ಕಣ್ಣು ಮತ್ತು ದೇಹದ ಸ್ವಂತ ಹಾರ್ಮೋನಿನ ಮೇಲೆ ಪರಿಣಾಮವಾಗಬಹುದು. ಆದಕಾರಣ ರೋಗ ಹತೋಟಿಯಲ್ಲಿರುವ ಕನಿಷ್ಠ ಪ್ರಮಾಣಕ್ಕೆ ಇಳಿಸುವುದು ವೈದ್ಯರ ಕ್ರಮ. ಬಸುರಿಯರೂ ವೈದ್ಯರ ಸಲಹೆಯಂತೆ ಇದನ್ನು ಮುಂದುವರಿಸಬೇಕೇ ಹೊರತು ತಾವಾಗಿ ಬಿಡಬಾರದು.

ಹೊಗೆಯ ಸೀಮೆಗೆ ಸಂಬಂಧಿಸಿದಂತೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ‘ದಮ್ಮು’ ಎಂಬ ಒಂದೇ ಪದದಡಿ ಬರುವುದೆಲ್ಲ ಅಸ್ತಮಾವಲ್ಲ. ಬೀಡಿ ಸೇದಿದ ಗಂಡಸರಲ್ಲಿ, ಒಲೆಯ ಹೊಗೆ ಕುಡಿದ ಹೆಂಗಸರಲ್ಲಿ ನಡುವಯಸ್ಸಿನ ಅನಂತರ ಕಾಣುವ ಏದುಸಿರು ಅನೇಕ ವೇಳೆ ಸಿ.ಒ.ಪಿ.ಡಿ. ಎಂಬ ಬೇರೆಯೇ ರೋಗವಾಗಿರುತ್ತದೆ. ಅಲ್ಲಿ ಸ್ಟೀರಾಯ್ಡಿನ ಪಾತ್ರ ಸೀಮಿತವಾದುದು. 2007ರಲ್ಲಿ ಪ್ರಕಟವಾದ ‘ಟಾರ್ಚ್’ ಎಂಬ ಬೃಹತ್ ಪರೀಕ್ಷೆಯಲ್ಲಿ ಈ ರೋಗಿಗಳಲ್ಲಿ ಸ್ಟೀರಾಯ್ಡ್ ಇನ್‌ಹೇಲರ್ ಬಳಸಿದವರಿಗೆ ನ್ಯುಮೋನಿಯಾ ಹೆಚ್ಚಾಗಿ ಕಂಡುಬಂದಿತು. ಒಂದೇ ಪದ ಎರಡು ರೋಗಗಳನ್ನು ಮುಚ್ಚಿಟ್ಟಾಗ ಒಬ್ಬರಿಗೆ ಒದಗಿದ ಮದ್ದನ್ನು ಮತ್ತೊಬ್ಬರ ಅನುಭವದಿಂದ ಅಳೆಯುವ ತಪ್ಪು ನಡೆಯುತ್ತದೆ.

6. ಮಿಲಿಗ್ರಾಮಿನ ನೆಚ್ಚಿಕೆ, ಮೈಕ್ರೊಗ್ರಾಮಿನ ಭಯ

ಇನ್‌ಹೇಲರನ್ನು ಜನ ‘ಪಂಪು’ ಎನ್ನುವುದುಂಟು. ಪಂಪು ಹಿಡಿದರೆ ಬಿಡಲಾಗದು, ಅದು ಕೊನೆಯ ಹಂತದ ಮದ್ದು ಎಂಬ ಮಾತುಗಳು ವ್ಯಾಪಕವಾಗಿವೆ. ಮದುವೆಯ ವಯಸ್ಸಿನ ಹೆಣ್ಣುಮಕ್ಕಳ ಮನೆಯವರು ಅದನ್ನು ಮುಚ್ಚಿಡುವ ಪ್ರಸಂಗಗಳೂ ಇವೆ. ಈ ಸಂಕೋಚಕ್ಕೆ ಇನ್ನೊಂದು ಹಳೆಯ ನೆನಪೂ ಕಾರಣವಿರಬಹುದು. ಕೆಮ್ಮು ಮತ್ತು ಸೊರಗುವಿಕೆಯೆಂದರೆ ಕ್ಷಯವೆಂದು ಅಂಜುತ್ತಿದ್ದ ಕಾಲ ತೀರ ಹಿಂದಿನದಲ್ಲ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಆಸ್ಪತ್ರೆ ರೂಪುಗೊಂಡದ್ದು ಆ ರೋಗ ಅರಮನೆಯನ್ನೂ ಬಿಡದಿದ್ದ ದಿನಗಳಲ್ಲಿ.

ಆದರೆ ಅದೇ ಜನ ಉಬ್ಬಸ ಎದ್ದ ರಾತ್ರಿ ಸೂಜಿ ಚುಚ್ಚಿಸಿಕೊಳ್ಳಲು, ಹೆಸರಿಲ್ಲದ ಪೊಟ್ಟಣದ ಮಾತ್ರೆ ನುಂಗಲು, ಸಂತೆಯ ಪುಡಿ ತಿನ್ನಲು ಹಿಂಜರಿಯುವುದಿಲ್ಲ. ತಕ್ಷಣ ಗುಣ ಕಾಣಿಸುವ ಆ ಸೂಜಿ ಮತ್ತು ಮಾತ್ರೆಗಳಲ್ಲಿ ಅನೇಕ ವೇಳೆ ಇರುವುದು ಸ್ಟೀರಾಯ್ಡೇ. ಗಿಡಮೂಲಿಕೆಯದೆಂದು ಮಾರುವ ಪುಡಿಗಳಲ್ಲಿಯೂ ಸ್ಟೀರಾಯ್ಡ್ ಬೆರಕೆಯಾಗಿರುವುದು ದೇಶದ ಹಲವೆಡೆ ಪರೀಕ್ಷೆಗಳಲ್ಲಿ ಬಯಲಾಗಿದೆ. ತೀವ್ರ ಉಬ್ಬಸಕ್ಕೆ ವೈದ್ಯರು ಕೆಲವು ದಿನಗಳ ಮಟ್ಟಿಗೆ ಕೊಡುವ ಪ್ರೆಡ್ನಿಸೊಲೋನ್ ಪ್ರಮಾಣ ವಯಸ್ಕರಿಗೆ ದಿನಕ್ಕೆ ಸುಮಾರು 40 ಮಿಲಿಗ್ರಾಂ, ಅಂದರೆ 40,000 ಮೈಕ್ರೊಗ್ರಾಂ. ಬುಡೆಸೊನೈಡ್ ಇನ್‌ಹೇಲರಿನ ಕಡಿಮೆ ಪ್ರಮಾಣ ದಿನಕ್ಕೆ 200ರಿಂದ 400 ಮೈಕ್ರೊಗ್ರಾಂ. ಎರಡು ಔಷಧಗಳ ತೀಕ್ಷ್ಣತೆ ಬೇರೆಬೇರೆಯಾದುದರಿಂದ ಈ ಅಂಕಿಗಳನ್ನು ನೇರವಾಗಿ ತೂಗುವಂತಿಲ್ಲ. ಆದರೂ ನುಂಗಿದ್ದು ರಕ್ತದ ಮೂಲಕ ದೇಹವಿಡೀ ಹರಡುತ್ತದೆ, ಎಳೆದುಕೊಂಡದ್ದು ಬಹುಪಾಲು ಶ್ವಾಸನಾಳದಲ್ಲಿಯೇ ಕೆಲಸ ಮಾಡುತ್ತದೆ ಎಂಬ ವ್ಯತ್ಯಾಸ ನಿರ್ಣಾಯಕವಾದುದು. ಹೀಗೆ ಹೆಸರು ತಿಳಿದ ಸಣ್ಣ ಪ್ರಮಾಣಕ್ಕೆ ಅಂಜಿ, ಹೆಸರು ತಿಳಿಯದ ದೊಡ್ಡ ಪ್ರಮಾಣವನ್ನು ನೆಚ್ಚುವ ವೈಪರೀತ್ಯ ಏರ್ಪಟ್ಟಿದೆ. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಭಾರತದ ಪಾಲು ಸುಮಾರು ಶೇ. 13 ಎಂದೂ ಅಸ್ತಮಾ ಸಾವುಗಳಲ್ಲಿ ಶೇ. 40ಕ್ಕೂ ಮಿಗಿಲೆಂದೂ ಜಾಗತಿಕ ರೋಗಭಾರದ ಅಂದಾಜುಗಳು ಹೇಳುತ್ತವೆ. ಈ ಎರಡು ಸಂಖ್ಯೆಗಳ ನಡುವಿನ ಅಂತರಕ್ಕೆ ಬಡತನ, ವೈದ್ಯರ ಕೊರತೆಗಳೊಂದಿಗೆ ಈ ವೈಪರೀತ್ಯವೂ ಕಾರಣವಾಗಿದೆ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಉಸಿರಿನ ಮೂಲಕ ಮದ್ದು ತೆಗೆದುಕೊಳ್ಳುವುದು ಈ ನಾಡಿನ ಪರಂಪರೆಗೆ ಹೊಸದಲ್ಲ. ಹೊಸದಾದುದು ಕಾಣದ ರೋಗಕ್ಕೆ ದಿನವೂ ಮದ್ದು ಎಂಬ ಕಲ್ಪನೆ. ಸ್ಟೀರಾಯ್ಡಿನ ಭಯವೂ ಅಜ್ಞಾನದಿಂದ ಹುಟ್ಟಿದ್ದಲ್ಲ. ಅದು ಮಾತ್ರೆಯ ಕಾಲದ ನಿಜವಾದ ಅನುಭವ ತಪ್ಪು ವಿಳಾಸಕ್ಕೆ ತಲುಪಿದ ಪರಿ. ಆದ್ದರಿಂದ ಜನರನ್ನು ಮೂಢರೆಂದು ಗದರಿಸುವ ಆರೋಗ್ಯ ಶಿಕ್ಷಣ ಇಲ್ಲಿ ಫಲಕಾರಿಯಾಗದು. 1980ರ ದಶಕದಿಂದ ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಕೆಲಸ ಮಾಡುತ್ತ ಬಂದಿರುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನಂಥ ಸಂಸ್ಥೆಗಳ ಅನುಭವವೂ ಜನರ ಭಾಷೆ ಮತ್ತು ನಂಬಿಕೆಯ ಒಳಗಿನಿಂದಲೇ ಆರೋಗ್ಯದ ಕೆಲಸ ಆರಂಭವಾಗಬೇಕೆಂಬುದನ್ನು ಸೂಚಿಸುತ್ತದೆ.

ಈ ಸೀಮೆಯ ರೈತನಿಗೆ ಬ್ಯಾರನ್ನಿನ ಬೆಂಕಿಯ ಗುಣ ಚೆನ್ನಾಗಿ ಗೊತ್ತು. ಮೇಲೆ ಜ್ವಾಲೆ ಕಾಣದಿದ್ದರೂ ಬೂದಿಯ ಕೆಳಗೆ ಕೆಂಡವಿರುತ್ತದೆ, ಗಾಳಿ ತಾಗಿದರೆ ಮತ್ತೆ ಉರಿಯುತ್ತದೆ. ಉಬ್ಬಸವಿಲ್ಲದ ದಿನದ ಎದೆಯ ಉರಿಯೂತವನ್ನು ಆ ತಿಳಿವಳಿಕೆಯ ಮೂಲಕವೇ ವಿವರಿಸಬಹುದಾಗಿದೆ. ಉಬ್ಬಸ, ಗೂರಲು, ದಮ್ಮು ಎಂಬ ಪದಗಳ ಪ್ರಾದೇಶಿಕ ಅರ್ಥಭೇದಗಳನ್ನು ತಾಲ್ಲೂಕುವಾರು ಸಂಗ್ರಹಿಸಿ ವೈದ್ಯರ ಕೈಗೆ ಕೊಡುವುದು, ವೈದ್ಯರ ತೀರ್ಮಾನಗಳನ್ನು ಆ ಪದಗಳಲ್ಲಿಯೇ ಜನರಿಗೆ ತಲುಪಿಸುವುದು ಜಾನಪದ ಸಂಶೋಧನೆಯ ಮುಂದಿನ ಹೊಣೆಗಳಲ್ಲೊಂದು. ರಾತ್ರಿಯೆಲ್ಲ ಎದ್ದು ಕೂತು ಉಸಿರಿಗಾಗಿ ಒದ್ದಾಡುವವರಿಗೆ ಅದರ ಪ್ರಯೋಜನ ನೇರವಾಗಿ ದೊರೆಯುತ್ತದೆ.